ಹದಿನೆಂಟು ಸೆಂಟಿಮೀಟರ್ ಗತ್ತು

ಶಿರಾಳಕೊಪ್ಪದ ರೇಡಿಯಂ ಅಂಗಡಿಯೊಂದರಲ್ಲಿ ಹುಟ್ಟಿ, ಶಿಕಾರಿಪುರ ತಾಲ್ಲೂಕಿನ ಒಂದು ಆಲ್ಟೊ 800 ಕಾರಿನ ಹಿಂಬದಿ ಗಾಜಿಗೆ ಅಂಟಿಕೊಂಡು, ಭಾನುವಾರ ಬಂತೆಂದರೆ ಸೊರಬದ ಅಜ್ಜಿ ಮನೆಯವರೆಗೆ ಸವಾರಿ ಹೋಗಿಬರುವ ಎಲ್ ಬೋರ್ಡ್, ಸಂದರ್ಶನಕ್ಕೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ. ತನ್ನ ಅಳತೆಯನ್ನು ಪತ್ರಿಕೆಯವರು ತಪ್ಪಿಲ್ಲದೆ ಬರೆದುಕೊಳ್ಳಬೇಕು.

‘1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿ, 3ನೇ ನಿಯಮ. ಬರ್ಕೊಳ್ರೀ’ ಎಂದು ಅದು ವರದಿಗಾರ ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಶುರುಮಾಡಿತು. ‘ಬಿಳಿ ಹಲಗೆ, ಕನಿಷ್ಠ 18 ಸೆಂಟಿಮೀಟರ್ ಚೌಕ. ಅದರ ಮೇಲೆ ಕೆಂಪಕ್ಷರ. ಎತ್ತರ 10 ಸೆಂಟಿಮೀಟರಿಗೆ ಕಡಿಮೆ ಇರಬಾರದು, ದಪ್ಪ 2, ತಳದ ಅಗಲ 9. ಗಾಡಿ ಮುಂದೊಂದು, ಹಿಂದೊಂದು. ಅಂಗಡಿಯವನು ಏನು ಮಾಡಿದ ಗೊತ್ತಾ? ಯಾವುದೋ ಬುಲೆಟ್ಟಿನ ನಂಬರ್ ಪ್ಲೇಟಿಗೆ ಕತ್ತರಿಸಿ ಉಳಿದ ತುಂಡಲ್ಲಿ ನನ್ನನ್ನ ಮಾಡಿದ. ಬಿಳಿ ಹಲಗೆ ಇಲ್ಲವೇ ಇಲ್ಲ. ಎತ್ತರ ಗೇಣಿನ ಅರ್ಧವೂ ಬರಲ್ಲ. ಕಾರು ಕಲಿಯೋ ಈ ಮನೆ ಹುಡುಗಿಗೆ 18 ತುಂಬಿದೆ. ಅಳತೆ ಲೆಕ್ಕದಲ್ಲಿ ನಾನೇ ಇನ್ನೂ ಮೈನರ್.’

ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಬೋರ್ಡಿನ ನೆತ್ತಿಯ ಭಾಗವನ್ನು ‘ಶ್ರೀ ಹುಚ್ಚರಾಯಸ್ವಾಮಿ ಪ್ರಸನ್ನ’ ಎಂಬ ಹಳದಿ ಸ್ಟಿಕ್ಕರ್ ನುಂಗಿತ್ತು. ಉಳಿದದ್ದು ದೂರದಿಂದ ನೋಡಿದವರಿಗೆ ಒಂದು ಕೆಂಪು ಅಡ್ಡಗೆರೆ. ಮುಂದಿನ ಬಂಪರಿನ ಮೇಲಿದ್ದ ಅವಳಿ ಬೋರ್ಡು ವಾಟರ್ ಸರ್ವಿಸ್‌ನ ನೀರಿನ ಹೊಡೆತಕ್ಕೆ ಕಿತ್ತುಹೋಗಿ ತಿಂಗಳಾಗಿತ್ತು. ಅದರ ಜಾಗದಲ್ಲಿ ಈಗ ನಿಂಬೆಹಣ್ಣು, ಮೆಣಸಿನಕಾಯಿ ತೂಗುತ್ತವೆ. ಅವನ್ನು ಮಾತ್ರ ಮನೆಯವರು ಅಮಾವಾಸ್ಯೆ ಅಮಾವಾಸ್ಯೆಗೆ ತಪ್ಪದೆ ಬದಲಾಯಿಸುತ್ತಾರೆ.

ಪೂರ್ವಜರ ಊರು ಯಾವುದೆಂದು ವರದಿಗಾರ ಕೇಳಿದ. ಬ್ರಿಟನ್ ಎಂದು ಉತ್ತರ ಬಂತು. 1935ರಲ್ಲಿ ಅಲ್ಲಿ ಡ್ರೈವಿಂಗ್ ಟೆಸ್ಟ್ ಕಡ್ಡಾಯವಾದಾಗ ಹುಟ್ಟಿದ ವಂಶವಂತೆ. ಆ ಕಾಲದಲ್ಲಿ 7 ಇಂಚು ಚೌಕ. ಭಾರತದ 18 ಸೆಂಟಿಮೀಟರ್ ಎಂದರೂ ಹೆಚ್ಚುಕಡಿಮೆ ಅಷ್ಟೇ.

‘ಅಲ್ಲಿರೋ ನಮ್ಮ ದಾಯಾದಿಗಳಿಗೆ ಎಂಥ ಮರ್ಯಾದೆ ಅಂತೀರಿ! ಅಲ್ಲಿ 17ಕ್ಕೇ ಕಾರು ಕಲಿಬಹುದು. ಆದರೆ ಪಕ್ಕದಲ್ಲಿ ಕೂರೋರಿಗೆ 21 ತುಂಬಿರಬೇಕು, ಲೈಸೆನ್ಸ್ ಸಿಕ್ಕಿ 3 ವರ್ಷ ಆಗಿರಬೇಕು. ವಿಮೆ ಕಂಪನಿಯವರು ಮಗುವಿನ ವಯಸ್ಸು ಕೇಳ್ತಾರೆ, ಮನೆ ಯಾವ ಬೀದೀಲಿದೆ ಕೇಳ್ತಾರೆ, ಆಮೇಲೆ ಅಪ್ಪನ ಬೆವರಿಳಿಯೋ ಹಂಗೆ ಒಂದು ಮೊತ್ತ ಹೇಳ್ತಾರೆ. ಬ್ರೇಕ್ ಜೋರಾಗಿ ಒತ್ತಿದರೂ ಬರೆದಿಟ್ಟುಕೊಳ್ಳೋ ಪೆಟ್ಟಿಗೇನ ಕಾರಿನೊಳಗೆ ಕೂರಿಸೋದೂ ಉಂಟು. ಲಂಡನ್ನಿನಲ್ಲಿರೋ ಕನ್ನಡದವರ ಮನೇಲಿ ಮಗನಿಗೆ ಕಾರು ಕಲಿಸೋದು ಅಂದ್ರೆ ಮೊದಲು ವಿಮೆ ಮಾತು, ಆಮೇಲೆ ಗೇರಿನ ಮಾತು.’

ಶಿಕಾರಿಪುರದಲ್ಲಿ?

‘ಇಲ್ಲಿ ವಿಮೆಗೆ ಹುಡುಗಿ ಕಾಣೋದೇ ಇಲ್ಲ. ಕಾಣೋದು ಇಂಜಿನ್ನು.’

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾರತದಲ್ಲಿ ಕಾರಿನ ವಿಮೆ ವಾಹನಕ್ಕೆ ಕಟ್ಟುವಂಥದ್ದು, ಓಡಿಸುವವರಿಗಲ್ಲ. ಥರ್ಡ್ ಪಾರ್ಟಿ ಕಂತು ಇಂಜಿನ್ನಿನ ಸಿಸಿ ನೋಡಿ ನಿಗದಿಯಾಗುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರದ ಪ್ರಕಾರ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500ರವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897. ಇದರ ಮೇಲೆ ಶೇ 18 ಜಿಎಸ್‌ಟಿ. 796 ಸಿಸಿಯ ಈ ಆಲ್ಟೊಗೆ ಎಲ್ಲ ಸೇರಿ ಸುಮಾರು 2,471 ರೂಪಾಯಿ. ‘ಫುಲ್ ಇನ್ಶೂರೆನ್ಸ್’ ಮಾಡಿಸಿದರೆ ಕಾರಿನ ಸ್ವಂತ ಹಾನಿಯ ಕಂತೂ ಸೇರುತ್ತದೆ. ಅದನ್ನು ಲೆಕ್ಕ ಹಾಕುವುದು ಕಾರಿನ ಈಗಿನ ಬೆಲೆ, ವಯಸ್ಸು, ನೋಂದಣಿಯಾದ ಊರು ನೋಡಿ. ಬೆಂಗಳೂರು ಎ ವಲಯ, ಶಿಕಾರಿಪುರ, ಸೊರಬಗಳೆಲ್ಲ ಬಿ ವಲಯ. ಸ್ಟೀರಿಂಗ್ ಹಿಡಿಯುವವರಿಗೆ ಹದಿನೆಂಟೋ ಐವತ್ತೆಂಟೋ ಎಂಬ ಪ್ರಶ್ನೆ ಮಾಮೂಲಿ ಪಾಲಿಸಿಯಲ್ಲಿ ಏಳುವುದಿಲ್ಲ. ಹೇಗೆ ಓಡಿಸುತ್ತೀರಿ, ಎಷ್ಟು ಓಡಿಸುತ್ತೀರಿ ಎಂದು ನೋಡಿ ಕಂತು ಕಟ್ಟಿಸಿಕೊಳ್ಳುವ ಸೌಲಭ್ಯಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿದೆಯಾದರೂ ಅದು ಬೇಕಾದವರು ಸೇರಿಸಿಕೊಳ್ಳುವ ಬಾಬತ್ತು.

ಹಾಗಾಗಿ ಮಗಳು ಕಾರು ಕಲಿಯುತ್ತಾಳೆ, ಇನ್ಶೂರೆನ್ಸಿಗೆ ಅವಳ ಹೆಸರು ಸೇರಿಸಲು ಎಷ್ಟಾಗುತ್ತದೆ ಎಂದು ಅಪ್ಪ ಏಜೆಂಟರಿಗೆ ಫೋನು ಮಾಡಿದಾಗ ಬಂದ ಉತ್ತರ ಬಹಳ ಚಿಕ್ಕದು. ‘ಏನೂ ಬೇಡ ಗೌಡ್ರೆ. ಯಾರು ಓಡಿಸಿದ್ರೂ ನಡೀತದೆ.’

‘ಆ ಮಾತಿನಲ್ಲಿ ಮೊದಲರ್ಧ ನಿಜ’ ಎಂದಿತು ಬೋರ್ಡು. ‘ಉಳಿದರ್ಧ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಡಚಿ ಇಟ್ಟಿದೆ. ಆರ್‌ಸಿ ಕಾರ್ಡು, ಎಮಿಷನ್ ಚೀಟಿ, ಅಡಿಕೆ ಮಂಡಿಯ ರಸೀದಿ, ಅದರ ಕೆಳಗೆ ಪಾಲಿಸಿ. ತೆಗೆದು ಓದಿ.’

ವರದಿಗಾರ ತೆಗೆದು ಓದಿದ. ಕಾರು ಯಾರು ಓಡಿಸಬಹುದೆಂದು ಹೇಳುವ ಷರತ್ತು ಒಂದು ಪ್ಯಾರಾ ಉದ್ದವಿದೆ. ಚಾಲ್ತಿಯಲ್ಲಿರುವ ಲೈಸೆನ್ಸ್ ಇರುವ ಯಾರಾದರೂ ಓಡಿಸಬಹುದು. ಕಲಿಕಾ ಲೈಸೆನ್ಸ್, ಅಂದರೆ ಎಲ್‌ಎಲ್ ಇರುವವರೂ ಓಡಿಸಬಹುದು, ಆದರೆ 1989ರ ನಿಯಮಾವಳಿಯ 3ನೇ ನಿಯಮವನ್ನು ಪಾಲಿಸಿರಬೇಕು. 3ನೇ ನಿಯಮ ಕೇಳುವುದು ಮೂರು ಸಂಗತಿ. ಎಲ್‌ಎಲ್ ಜೀವಂತ ಇರಬೇಕು. ಲೈಸೆನ್ಸ್ ಇರುವ ಒಬ್ಬರು ಪಕ್ಕದಲ್ಲಿ, ಬೇಕೆಂದಾಗ ಗಾಡಿ ನಿಲ್ಲಿಸಬಹುದಾದ ಜಾಗದಲ್ಲಿ, ಕೂತಿರಬೇಕು. ಹಿಂದೆ ಮುಂದೆ ಎಲ್ ಬೋರ್ಡ್ ಇರಬೇಕು.

‘ನೋಡಿದ್ರಾ? ಅಷ್ಟು ದೊಡ್ಡ ಕಂಪನಿ ನನ್ನ ಹೆಸರು ಎತ್ತಿದೆ. ಮನೆಯವರು ಎತ್ತಲಿಲ್ಲ’ ಎಂದು ಬೋರ್ಡು ಬೀಗಿತು. ‘ಮೂರಕ್ಕೂ ಕೂಡಿ ಆಗೋ ಖರ್ಚು ಒಂದು ತಟ್ಟೆ ಮಿರ್ಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ದುಡ್ಡು ಕೇಳಿದ್ರೆ ಸಾಲ ಮಾಡಿಯಾದ್ರೂ ಕಟ್ತಿದ್ರು. ಪುಕ್ಕಟೆ ಷರತ್ತು ನೋಡಿ, ಯಾರಿಗೂ ಬೇಡ.’

ಮೊದಲನೆಯ ಷರತ್ತಿನಲ್ಲಿ ಹುಡುಗಿ ಪಾಸು. ಆಧಾರ್ ಕೊಟ್ಟು ಸಾರಥಿ ಜಾಲತಾಣದಲ್ಲಿ ಮನೆಯಿಂದಲೇ ಪರೀಕ್ಷೆ ಬರೆದು ಎಲ್‌ಎಲ್ ಪಡೆದಿದ್ದಾಳೆ. ಅದರ ಆಯುಸ್ಸು 6 ತಿಂಗಳು. 30 ದಿನ ಕಳೆಯದೆ ಪಕ್ಕಾ ಲೈಸೆನ್ಸಿನ ಟೆಸ್ಟಿಗೆ ಹೋಗುವಂತಿಲ್ಲ. ಅಂದಹಾಗೆ, ಹದಿಹರೆಯದಲ್ಲಿ ಕಾರಿನ ಸ್ಟೀರಿಂಗಿಗೆ ಕಾನೂನು ಕೊಟ್ಟಿರುವುದು ಎರಡೇ ವರ್ಷ, 18 ಮತ್ತು 19. ಹದಿನಾರು ತುಂಬಿದವರಿಗೆ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ ಅವಕಾಶ. ಅಂಥ ಪೆಟ್ರೋಲ್ ಸ್ಕೂಟರನ್ನು ಈಗ ಶೋರೂಮಿನಲ್ಲಿ ಹುಡುಕಬೇಕು. ಹದಿನೈದರ ಹುಡುಗರು ಜೋಳ ತುಂಬಿದ ಟ್ರಾಲಿ ಕಟ್ಟಿ ಟ್ರ್ಯಾಕ್ಟರ್ ಓಡಿಸುವುದು ಎಲ್ಲಿ ಬರುತ್ತದೆ ಎಂದು ವರದಿಗಾರ ಕೇಳಿದ. ‘ಶಿಕಾರಿಪುರದ ರಸ್ತೆ ಮೇಲೆ ಬರುತ್ತೆ. ಕಾನೂನಿನಲ್ಲಿ ಎಲ್ಲೂ ಬರಲ್ಲ’ ಎಂದು ಬೋರ್ಡು ಮುಂದಕ್ಕೆ ಹೋಯಿತು.

ಎರಡನೆಯ ಷರತ್ತಿನ ಕಥೆ ರುಚಿಕಟ್ಟಾಗಿದೆ. ಪಕ್ಕದಲ್ಲಿ ಕೂರುವವರು ಸ್ವತಃ ತಂದೆ. ಕಾಲೇಜು ಮೈದಾನದಲ್ಲಿ ಮೊದಲ ಪಾಠದ ದಿನದಿಂದಲೂ ಅವರ ಬಲಗಾಲು ಮ್ಯಾಟಿನ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇದೆ, ಮ್ಯಾಟು ಆ ಜಾಗದಲ್ಲಿ ಸವೆದು ತೂತು ಬಿದ್ದಿದೆ. ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಾದರೆ ಕಲಿಸುವವರ ಕಾಲಬುಡದಲ್ಲೂ ನಿಜವಾದ ಬ್ರೇಕು, ಕ್ಲಚ್ಚು ಇರುತ್ತವೆ. ಇಲ್ಲಿರುವುದು ಹ್ಯಾಂಡ್‌ಬ್ರೇಕು ಮತ್ತು ಗಂಟಲು. ಇದ್ದುದರಲ್ಲಿ ಗಂಟಲಿನದೇ ಹೆಚ್ಚು ಬಳಕೆ.

‘ಅದೂ ಇರಲಿ. ಅವರ ಲೈಸೆನ್ಸು ಕೇಳಿ.’

ಮೂವತ್ತರ ಹರೆಯದಲ್ಲಿ ಮಾಡಿಸಿದ ಲೈಸೆನ್ಸು. ಹಳೆಯ ಕಾನೂನಿನಲ್ಲಿ ಅವಧಿ 20 ವರ್ಷ ಅಥವಾ 50 ವಯಸ್ಸು, ಯಾವುದು ಮೊದಲೋ ಅದು. ತಂದೆಗೆ 50 ತುಂಬಿ ವರ್ಷದ ಮೇಲಾಯಿತು. ಹುಟ್ಟಿದ ದಿನಕ್ಕೆ ಮನೆಯಲ್ಲಿ ಕೇಕು ಕತ್ತರಿಸಿದರು, ವಾಟ್ಸ್ಆಪಿನಲ್ಲಿ ಫೋಟೋ ಹಾಕಿದರು, ಅದೇ ದಿನ ಲೈಸೆನ್ಸು ತೀರಿಕೊಂಡದ್ದು ಯಾರಿಗೂ ಹೊಳೆಯಲಿಲ್ಲ. ಈಗ ಕಾನೂನಿನ ಕಣ್ಣಿಗೆ ಆ ಕಾರಿನಲ್ಲಿ ಕೂತವರ ಪೈಕಿ ದಾಖಲೆ ಸರಿ ಇರುವುದು ಕಲಿಯುವವಳದ್ದು ಮಾತ್ರ. ಕಲಿಸುವವರದ್ದಲ್ಲ.

ಮೂರನೆಯ ಷರತ್ತು ಎಂದರೆ ಬೋರ್ಡು. ಅದರ ಸ್ಥಿತಿ ಆಗಲೇ ಹೇಳಿದ್ದಾಯಿತು. ಅಷ್ಟಕ್ಕೂ ಅದನ್ನು ಚೆನ್ನಾಗಿ ಕಾಣುವಂತೆ ಹಾಕಲು ಅಡ್ಡಿ ಏನು? ವರದಿಗಾರನಿಗೆ ಸಿಕ್ಕ ಉತ್ತರದಲ್ಲಿ ನೋವಿತ್ತು.

‘ಮಾನದ ಪ್ರಶ್ನೆಯಂತೆ. ಎಲ್ ಬೋರ್ಡ್ ಕಂಡ್ರೆ ಹಿಂದಿನ ಬಸ್ಸಿನವನು ಹಾರ್ನ್ ಜಾಸ್ತಿ ಹೊಡೀತಾನೆ, ಪೊಲೀಸರು ನಿಲ್ಲಿಸ್ತಾರೆ, ನೆಂಟರು ನಗ್ತಾರೆ ಅಂತ. ದೀಪಾವಳಿ ಆದ ಮೇಲೆ ಈ ಕಡೆ ಹೋರಿ ಹಬ್ಬ ನೋಡಿದ್ದೀರಲ್ಲ? ಹೋರಿಗೆ ಕೊಬ್ಬರಿ ಸರ, ಬಲೂನು, ಬಣ್ಣದ ಕಾಗದ ಕಟ್ಟಿ ಓಡಿಸ್ತಾರೆ. ಅರ್ಧ ಮೈಲಿ ದೂರದಿಂದಲೇ ಜನಕ್ಕೆ ಗೊತ್ತಾಗುತ್ತೆ, ಹೆದರೋರು ಕಟ್ಟೆ ಹತ್ತುತಾರೆ. ನನ್ನ ಕೆಲಸವೂ ಅಷ್ಟೇ. ಬರ್ತಿದ್ದಾಳೆ, ಸ್ವಲ್ಪ ಸರೀರಿ ಅನ್ನೋದು. ಹೋರಿಗೆ ಅಷ್ಟು ಅಲಂಕಾರ ಮಾಡೋರು ನನ್ನನ್ನ ಮಾತ್ರ ಸ್ಟಿಕ್ಕರಿನ ಕೆಳಗೆ ಬಚ್ಚಿಡ್ತಾರೆ.’

ಶಿರಾಳಕೊಪ್ಪ ದಾಟಿ ಸೊರಬದ ರಸ್ತೆಯಲ್ಲಿ ಸುಗ್ಗಿಯ ಕಾಲದಲ್ಲಿ ಹೊಸಬರು ಗಾಡಿ ಓಡಿಸುವುದು ಹುಡುಗಾಟವಲ್ಲ. ರಸ್ತೆಯ ಒಂದು ಬದಿಗೆ ಮೆಕ್ಕೆಜೋಳ ಹರವಿರುತ್ತಾರೆ, ಅದರ ಅಂಚಿಗೆ ಕಲ್ಲು ಸಾಲಾಗಿ ಇಟ್ಟಿರುತ್ತಾರೆ. ಉಳಿದ ಅರ್ಧದಲ್ಲಿ ಎದುರಿನಿಂದ ಪ್ರೈವೇಟ್ ಬಸ್ಸು. ಎಡಕ್ಕೆ ತೆಗೆದರೆ ಜೋಳದ ಮೇಲೆ ಚಕ್ರ ಜಾರುತ್ತದೆ, ಬಲಕ್ಕೆ ತೆಗೆದರೆ ಬಸ್ಸು. ಹುಡುಗಿ ಅಲ್ಲಿ ಎರಡನ್ನೂ ಮಾಡದೆ ಗಾಡಿ ನಿಲ್ಲಿಸಿದಳು. ಬಸ್ಸಿನವನೇ ಹಿಂದೆ ಸರಿದ. ಅಪ್ಪ ಇದನ್ನು ಹೇಡಿತನ ಎಂದರೆ ಬೋರ್ಡು ಇದನ್ನು ಚಾಲನೆ ಎನ್ನುತ್ತದೆ. ಪತ್ರಿಕೆ ಬೋರ್ಡಿನ ಪಕ್ಷ.

ಅಪಘಾತ ಆಗಿದ್ದು ರಸ್ತೆಯಲ್ಲಲ್ಲ, ಅಜ್ಜಿ ಮನೆಯ ಗೇಟಿನಲ್ಲಿ. ರಿವರ್ಸ್ ತೆಗೆಯುವಾಗ ಕಲ್ಲುಕಂಬ ಹಿಂಬದಿ ಬಂಪರಿಗೆ ತಾಗಿತು. ಮನೆಮಂದಿಯೆಲ್ಲ ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ಸಮಾಧಾನ ಮಾಡಿಕೊಂಡರು.

‘ಆಗ ನಾನು ಲೆಕ್ಕ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ, ನೀವಾದ್ರೂ ಕೇಳಿ’ ಎಂದಿತು ಬೋರ್ಡು. ‘ಬಂಪರಿಗೆ 3,000 ಅಂತ ಇಟ್ಕೊಳ್ಳಿ. ಅದು ಪ್ಲಾಸ್ಟಿಕ್ಕು. ಪ್ಲಾಸ್ಟಿಕ್, ರಬ್ಬರಿಗೆ ಸವಕಳಿ ಅಂತ ಅರ್ಧ ಹಿಡೀತಾರೆ. ಉಳಿದದ್ದು 1,500. 1500 ಸಿಸಿ ಒಳಗಿನ ಕಾರಾದ್ರೆ ಪ್ರತಿ ಕ್ಲೇಮಿಗೆ ಮೊದಲ 1,000 ನಿಮ್ಮದೇ. ಕೈಗೆ ಬರೋದು 500. ಅದನ್ನ ಇಸ್ಕೊಂಡ್ರೆ ವರ್ಷವರ್ಷ ಕೂಡಿಸಿಟ್ಟ ನೋ ಕ್ಲೇಮ್ ಬೋನಸ್ ಸೊನ್ನೆ. ಸ್ವಂತ ಹಾನಿಯ ಕಂತಿನಲ್ಲಿ ಸಿಗೋ ಆ ರಿಯಾಯಿತಿ ಮೊದಲ ವರ್ಷ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಇವರದು 35ಕ್ಕೆ ಬಂದಿತ್ತು. 500 ರೂಪಾಯಿಗೆ ಅದನ್ನ ಬಿಟ್ಟುಕೊಡ್ತೀರಾ?’

ಸವಕಳಿ ಹಿಡಿಯದ ‘ಜೀರೋ ಡೆಪ್’ ಎಂಬ ಹೆಚ್ಚುವರಿ ರಕ್ಷಣೆ ಬೇರೆ ದುಡ್ಡಿಗೆ ಸಿಗುತ್ತದೆ. ಕಲಿಯುವವರಿರುವ ಮನೆಗೆ ಅದು ಕೆಲಸಕ್ಕೆ ಬರುವ ಬಾಬತ್ತು, ಆದರೆ ಕಾರು ಹಳೆಯದಾದಷ್ಟೂ ಅದನ್ನು ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಕೊನೆಗೆ ಬಂಪರನ್ನು ಬಿಸಿನೀರು ಹೊಯ್ದು ಒಳಗಿನಿಂದ ತಳ್ಳಿ ಸರಿಮಾಡಿದ್ದು ಸೊರಬದ ಮಾವ. ಗೆರೆ ಉಳಿದಿದೆ.

ವಿಮಾ ಕಂಪನಿಯ ಸರ್ವೇಯರ್ ಬಂದಿದ್ದರೆ ಏನಾಗುತ್ತಿತ್ತು ಎಂಬುದು ವರದಿಗಾರನ ಮುಂದಿನ ಪ್ರಶ್ನೆ. ಬೋರ್ಡು ಮೊದಲ ಬಾರಿಗೆ ದನಿ ತಗ್ಗಿಸಿತು.

‘ಯಾರು ಓಡಿಸ್ತಿದ್ರು ಅಂತ ಕೇಳ್ತಿದ್ರು. ಅಪ್ಪ ನಾನೇ ಅಂತಿದ್ರು, ಈ ಕಡೆ ಎಲ್ಲ ಅಪ್ಪಂದಿರೂ ಅನ್ನೋ ಮಾತು. ಸರಿ, ಲೈಸೆನ್ಸ್ ಕೊಡಿ ಅಂತಿದ್ರು. ಅಲ್ಲಿಗೆ ಮುಗೀತು. ನಿಜ ಹೇಳಿದ್ರೆ ಮಗಳ ಎಲ್‌ಎಲ್ ಆದ್ರೂ ಇತ್ತು!’

ಕಾರಿನ ಗೀರು ಹೋಗಲಿ, ರಸ್ತೆಯಲ್ಲಿ ಯಾರಿಗಾದರೂ ಗುದ್ದಿದ್ದರೆ? ಇಲ್ಲಿ ಕಾನೂನು ಕಲಿಯುವವರ ಮೇಲೆ ಜನ ತಿಳಿದಷ್ಟು ಕಠೋರವಾಗಿಲ್ಲ. ನ್ಯಾಷನಲ್ ಇನ್ಶೂರೆನ್ಸ್ ವಿರುದ್ಧ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2004ರ ಜನವರಿ 5ರಂದು ಇದನ್ನೆಲ್ಲ ಜಾಲಾಡಿತು. ಓಡಿಸುತ್ತಿದ್ದವರ ಬಳಿ ಎಲ್‌ಎಲ್ ಇದ್ದರೂ ವಿಮಾ ಕಂಪನಿ ಪರಿಹಾರ ಕೊಡಬೇಕು ಎಂದಿತು. ಷರತ್ತು ಮುರಿದಿದ್ದಾರೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಮಾಲೀಕರ ತಪ್ಪನ್ನೂ ಅದು ಅಪಘಾತಕ್ಕೆ ಕಾರಣವಾದದ್ದನ್ನೂ ಕಂಪನಿಯೇ ಸಾಬೀತು ಮಾಡಬೇಕು ಎಂದೂ ಹೇಳಿತು. ಸಾಬೀತಾದರೂ ನ್ಯಾಯಮಂಡಳಿ ಮೊದಲು ಗಾಯಾಳುವಿಗೆ ಕೊಡಿಸಿ, ಆಮೇಲೆ ಕಾರಿನ ಮಾಲೀಕರಿಂದ ವಸೂಲು ಮಾಡಿಕೊಳ್ಳಲು ಕಂಪನಿಗೆ ಬಿಡಬಹುದು.

‘ಅಂದ್ರೆ ಪಾದಚಾರಿಗೆ ದುಡ್ಡು ಸಿಗುತ್ತೆ. ಆಮೇಲೆ ಕಂಪನಿಯವರು ಅಡಿಕೆ ತೋಟದ ಪಹಣಿ ಹುಡುಕ್ಕೊಂಡು ಇವರ ಮನೆಗೆ ಬರ್ತಾರೆ. ಬಹಳ ಜನಕ್ಕೆ ಈ ಎರಡನೇ ಭೇಟಿ ವಿಷಯ ಗೊತ್ತಿಲ್ಲ ಮಾರಾಯ್ರೆ’ ಎಂದಿತು ಬೋರ್ಡು. ಮಾತಿನ ನಡುವೆ ಕಾರು ಸೊರಬದ ಗಡಿ ದಾಟಿದ ಮೇಲೆ ಬೋರ್ಡಿನ ‘ರೀ’ ಹೋಗಿ ‘ಮಾರಾಯ್ರೆ’ ಬಂದಿತ್ತು.

ಇನ್ನೊಂದು ಸಂಗತಿಯಿದೆ. ಇಡೀ ಗಡಿಬಿಡಿಯಲ್ಲಿ ಯಾರೂ ಕೇಳದ್ದು. ಹುಡುಗಿಗೇ ಪೆಟ್ಟಾದರೆ?

ಥರ್ಡ್ ಪಾರ್ಟಿ ವಿಮೆ ಹೊರಗಿನವರಿಗೆ. ಸ್ವಂತ ಹಾನಿಯದು ತಗಡಿಗೆ. ಪಾಲಿಸಿಯಲ್ಲಿ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಎಂದು ದಪ್ಪಕ್ಷರದಲ್ಲಿ ಇದೆಯಲ್ಲ ಎನ್ನಬಹುದು. ಅದು ಮಾಲೀಕ–ಚಾಲಕರಿಗೆ, ಅಂದರೆ ಆರ್‌ಸಿಯಲ್ಲಿ ಹೆಸರಿರುವವರಿಗೆ, ಅವರ ಬಳಿ ಚಾಲ್ತಿ ಲೈಸೆನ್ಸ್ ಇದ್ದರೆ ಮಾತ್ರ. ತಂದೆಯ ಲೈಸೆನ್ಸಿನ ಕಥೆ ಓದುಗರಿಗೆ ಗೊತ್ತು. ಮಗಳ ಹೆಸರು ಆರ್‌ಸಿಯಲ್ಲಿಲ್ಲ. ಹಾಗಾಗಿ ಮುಂದಿನ ಎರಡು ಸೀಟಿನಲ್ಲಿ ಕೂತವರಲ್ಲಿ ಆ 15 ಲಕ್ಷಕ್ಕೆ ಹಕ್ಕುದಾರರು ಯಾರೂ ಇಲ್ಲ. ಕುಟುಂಬದವರ ಹೆಸರು ಬರೆಸಿ ಅವರಿಗೂ ವೈಯಕ್ತಿಕ ಅಪಘಾತ ರಕ್ಷಣೆ ಸೇರಿಸಿಕೊಳ್ಳುವ ದಾರಿ ಮೋಟಾರು ಪಾಲಿಸಿಯಲ್ಲೇ ಇದೆ, ಬೇರೆ ಅಪಘಾತ ವಿಮೆಯೂ ಸಿಗುತ್ತದೆ. ಏಜೆಂಟರಿಗೆ ತಂದೆ ಕೇಳಬೇಕಿದ್ದ ಪ್ರಶ್ನೆ ಅದು. ‘ಏನೂ ಬೇಡ’ ಎಂಬ ಉತ್ತರ ಬಂದಾಗ ಆದ ಖುಷಿಯಲ್ಲಿ ಫೋನು ಇಟ್ಟುಬಿಟ್ಟರು.

‘ಈಗ ಏನು ಮಾಡ್ಬೇಕು ಅಂತೀರಿ?’ ಎಂದು ಕೇಳಿದ ವರದಿಗಾರನಿಗೆ ಬೋರ್ಡು ಕೆಲಸಗಳ ಪಟ್ಟಿ ಒಪ್ಪಿಸಲಿಲ್ಲ. ‘ಮೊದಲು ಅಪ್ಪನ್ನ ಟೆಸ್ಟಿಗೆ ಕರ್ಕೊಂಡು ಹೋಗಿ’ ಎಂದಷ್ಟೇ ಹೇಳಿತು. ಅವಧಿ ಮುಗಿದು ವರ್ಷ ದಾಟಿದ ಲೈಸೆನ್ಸನ್ನು ನವೀಕರಿಸಲು ಮತ್ತೆ ಚಾಲನಾ ಪರೀಕ್ಷೆ ಕೊಡಬೇಕು. ಆರ್‌ಟಿಒ ಆವರಣದಲ್ಲಿ ಅಪ್ಪ, ಮಗಳು ಒಂದೇ ಸಾಲಿನಲ್ಲಿ ನಿಲ್ಲುವ ದೃಶ್ಯ ನೆನೆದು ಬೋರ್ಡಿನ ಅಂಚು ಖುಷಿಗೆ ಗಾಜಿನಿಂದ ಸ್ವಲ್ಪ ಎದ್ದಿತು.

ಮಗಳು ಪಾಸಾದ ಮೇಲೆ ಬೋರ್ಡಿನ ಮುಂದಿನ ನೌಕರಿ ಎಲ್ಲಿ? ಅದಕ್ಕೆ ಆಗಲೇ ಬೇಡಿಕೆ ಬಂದಿದೆಯಂತೆ. ಸೊರಬದ ಮಾವನ ಮಗ, ಹದಿನೇಳು ತುಂಬಿದೆ, ಎಲ್‌ಎಲ್ ಸಿಗಲು ಇನ್ನೂ ಎಂಟು ತಿಂಗಳು. ಚಂದ್ರಗುತ್ತಿ ಜಾತ್ರೆಗೆ ಕಾರು ತಾನೇ ತೆಗೆದುಕೊಂಡು ಹೋಗಬೇಕೆಂದು ಹಟ. ಬೋರ್ಡು ಹಚ್ಚಿಕೊಂಡರೆ ಯಾರೂ ಕೇಳುವುದಿಲ್ಲ ಎಂಬುದು ಅವನ ಸಿದ್ಧಾಂತ.

‘ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಓದಿಕೊಂಡು ಬಾ ಅಂದೆ’ ಎಂದಿತು ಬೋರ್ಡು. ‘ಮೈನರ್ ಓಡಿಸಿ ಸಿಕ್ಕಿಬಿದ್ರೆ ಅಪ್ಪನಿಗೋ ಗಾಡಿ ಮಾಲೀಕನಿಗೋ 25,000 ದಂಡ, 3 ವರ್ಷದವರೆಗೆ ಜೈಲು. ಗಾಡಿ ನೋಂದಣಿ 12 ತಿಂಗಳು ರದ್ದು. ಓಡಿಸಿದವನಿಗೆ 25 ತುಂಬೋವರೆಗೂ ಲೈಸೆನ್ಸ್ ಇಲ್ಲ. ಬರೀ ಕಾಗದದ ಮೇಲಿನ ಮಾತಲ್ಲ, ಮಕ್ಕಳ ಕೈಗೆ ಬೈಕ್ ಕೊಟ್ಟ ಅಪ್ಪ ಅಮ್ಮಂದಿರು ನಮ್ಮ ಶಿವಮೊಗ್ಗ ಜಿಲ್ಲೆ ಕೋರ್ಟುಗಳಲ್ಲೇ ಆ 25,000 ಕಟ್ಟಿದ್ದು ಪೇಪರಿನಲ್ಲಿ ಬಂದಿದೆ.’

ಹುಡುಗ ಏನೆಂದ?

‘ಮೀಸೆ ಬಂದಿದೆ, ಯಾರಿಗೂ ಗೊತ್ತಾಗಲ್ಲ ಅಂದ. ನಿನ್ನೆ ಸಂಜೆ ಉಗುರಿಂದ ನನ್ನನ್ನ ಕಿತ್ತುಕೊಂಡು ಹೋಗೋಕೆ ನೋಡಿದ. ಅರ್ಧ ಬಂದೆ. ಗೋಂದು ಒಣಗಿದೆ, ಇನ್ನೊಂದು ಗಾಜಿಗೆ ನಾನು ಹತ್ತಲ್ಲ. ಹೊಸದು ಬೇಕಾದ್ರೆ ಶಿರಾಳಕೊಪ್ಪಕ್ಕೇ ಹೋಗಬೇಕು, ಅಲ್ಲಿಗೆ ಹೋಗೋಕೆ ಅವನಿಗೆ ಬಸ್ಸೇ ಗತಿ.’